ಅಕ್ಕ ಹೊಲಿದ ಪಟ್ಟಿ

ಹೊರಗಿನಿಂದ ಅಕ್ಕ ಬಾಗಿಲು ತಳ್ಳುತ್ತಿದ್ದಳು. ಒಳಗಿನಿಂದ ತಮ್ಮನ ಹೆಂಡತಿ ಬೆನ್ನು ಕೊಟ್ಟು ನಿಂತಿದ್ದಳು. ಚಿಲಕ ಸಡಿಲವಾಗಿ ವರ್ಷವಾಗಿತ್ತು. ಅದನ್ನು ಸರಿ ಮಾಡುತ್ತೇನೆ, ಮಾಡುತ್ತೇನೆ ಅನ್ನುತ್ತಿದ್ದ ತಮ್ಮ ಈಗ ಉಸಿರಿಲ್ಲದೆ ಮಂಚದ ಮೇಲೆ ಸೊಂಟದ ತನಕ ಬಿಳಿ ಬಟ್ಟೆ ಹೊದ್ದು ಮಲಗಿದ್ದ.

"ತೆಗಿಯೇ ಬಾಗಿಲು. ಹುಟ್ಟಿದಾಗ ಅವನಿಗೆ ಮೈ ತೊಳೆದಿದ್ದು ನಾನು. ಇವತ್ತೂ ನಾನೇ ತೊಳಿತೀನಿ."

"ಆಗೋಯ್ತು ಅತ್ತಿಗೆ. ಒರೆಸಿದ್ದಾಯ್ತು. ಬಟ್ಟೆ ಹಾಕ್ತಿದೀನಿ."

"ಬಟ್ಟೆನಾದ್ರೂ ನಾನು ಹಾಕ್ತೀನಿ."

"ಎರಡೇ ನಿಮಿಷ ಅತ್ತಿಗೆ."

ಅಕ್ಕ ತಳ್ಳುವುದು ಬಿಟ್ಟಳು. ಬಿಟ್ಟರೂ ಬಾಗಿಲ ಸಂದಿಯಲ್ಲಿ ಅವಳ ನೆರಳು ಹಾಗೇ ಇತ್ತು.

ತಮ್ಮನ ಹೆಂಡತಿಯನ್ನು ಬೀದಿಯವರು ಅಂಚೆಯಮ್ಮ ಅನ್ನುತ್ತಾರೆ. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ಬಂದವಳು. ಅವನು ಅವಳನ್ನು ಮೊದಲು ನೋಡಿದ್ದೂ ಅಲ್ಲೇ, ಕೌಂಟರಿನ ತಕ್ಕಡಿ ಪರೀಕ್ಷೆ ಮಾಡಲು ಹೋದಾಗ. "ನಿಮ್ಮ ತಕ್ಕಡಿ ಆರು ಗ್ರಾಂ ಸುಳ್ಳು ಹೇಳ್ತಿದೆ" ಎಂಬುದು ಅವನು ಅವಳೊಂದಿಗೆ ಆಡಿದ ಮೊದಲ ಮಾತು. ತಕ್ಕಡಿ ರಿಪೇರಿ ಅವನ ಕಸುಬು. ಬೀದಿಗೆಲ್ಲ ಅವನು ತೂಕದಣ್ಣ. ಅಂಗಡಿಯವರು ಅವನನ್ನು ಕಂಡರೆ ತಟ್ಟೆಯ ಕೆಳಗೆ ಅಂಟಿಸಿದ್ದನ್ನೆಲ್ಲ ಕಿತ್ತುಕೊಂಡು ನಿಲ್ಲುತ್ತಿದ್ದರು.

ಅವಳು ಹೊದಿಕೆ ಸರಿಸಿ ಉಳಿದ ಕೆಲಸ ಮುಗಿಸತೊಡಗಿದಳು. ಬಲ ತೊಡೆಸಂದಿಗಿಂತ ಸ್ವಲ್ಪ ಮೇಲೆ, ಓರೆಯಾಗಿ, ಬೆರಳುದ್ದದ ಒಂದು ಬಿಳಿ ಗೆರೆ. ಗೆರೆಯ ಎರಡೂ ಬದಿಗೆ ಹೊಲಿಗೆಯ ಚುಕ್ಕೆಗಳು. ಆ ಗೆರೆಯ ವಿಷಯ ಈ ಮನೆಯಲ್ಲಿ ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ. ಅಕ್ಕನ ಪ್ರಕಾರ ಅಲ್ಲಿದ್ದ ಹರ್ನಿಯಾ ಹದಿನೈದು ವರ್ಷದ ಹಿಂದೆ ಹರಳೆಣ್ಣೆ, ಶುಂಠಿ ಮತ್ತು ಅವಳೇ ಹೊಲಿದ ಎಲಾಸ್ಟಿಕ್ ಪಟ್ಟಿಯಿಂದ, ಚಾಕು ಮುಟ್ಟಿಸದೆ ವಾಸಿಯಾಗಿತ್ತು. ಬೀದಿಯೂ ಹಾಗೇ ನಂಬಿತ್ತು. ನಂಬಿ, ಅದೇ ಕಷ್ಟ ಬಂದ ಗಂಡಸರೆಲ್ಲ ಹಿಂಬಾಗಿಲಿನಿಂದ ಅಕ್ಕನ ಕೋಣೆಗೆ ಬಂದು ಹೋಗುತ್ತಿದ್ದರು.

ಒಳ ಅಂಗಿ, ಪ್ಯಾಂಟು, ಮೇಲೆ ಬಿಳಿ ಅಂಗಿ. ಅಂಗಿಯನ್ನು ಪ್ಯಾಂಟಿನೊಳಗೆ ಆಳಕ್ಕೆ ತುರುಕಿ, ಚರ್ಮದ ಬೆಲ್ಟನ್ನು ಕೊನೆಯ ತೂತಿಗೆ ಹಾಕಿದ ಮೇಲೆ ಅಂಚೆಯಮ್ಮ ಬಾಗಿಲು ತೆಗೆದಳು. ಅಕ್ಕ ಬಂದು ತಮ್ಮನ ಕ್ರಾಪು ಸರಿ ಮಾಡಿದಳು, ಕಾಲರಿನ ಗುಂಡಿ ನೋಡಿದಳು, ಬೆಲ್ಟಿನೊಳಗೆ ಬೆರಳು ತೂರಿಸಿದಳು.

"ಇಷ್ಟು ಬಿಗಿ ಯಾಕೆ ಕಟ್ಟಿದೀಯೇ? ಎದ್ದು ಓಡ್ತಾನಾ?"

"ಅವರಿಗೆ ಸಡಿಲ ಇದ್ರೆ ಆಗ್ತಿರಲಿಲ್ಲ ಅತ್ತಿಗೆ."

"ಅದೂ ನಿಜ," ಅಂದಳು ಅಕ್ಕ. ಆಮೇಲೆ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು. ಎಪ್ಪತ್ಮೂರು ವರ್ಷದ ಮಂಡಿ. ಕೂರುವುದಕ್ಕೂ ಹೊತ್ತು ಹಿಡಿಯಿತು.

*

ಹದಿನೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ತೂಕದಣ್ಣ ಪರೀಕ್ಷೆಯ ತೂಕಗಳನ್ನು ಗಾಡಿಯಿಂದ ಇಳಿಸುತ್ತಿದ್ದ. ಒಂದೊಂದೂ ಇಪ್ಪತ್ತು ಕಿಲೋದ ಎರಕದ ಕಬ್ಬಿಣ. ನಾಲ್ಕನೆಯದನ್ನು ಕೆಳಗಿಟ್ಟು ನೆಟ್ಟಗಾದಾಗ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಏನೋ ಎದ್ದು ನಿಂತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು. ಕೆಮ್ಮಿದರೆ ಹೊರಗೆ ಇಣುಕುತ್ತಿತ್ತು. ಡಾಕ್ಟರು ಹರ್ನಿಯಾ ಅಂದರು, ಆಪರೇಷನ್ ಅಂದರು. ಅವನು ಮನೆಗೆ ಬಂದು ಅದನ್ನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು.

"ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರೇನೋ?" ಅಂದಳು ಅಕ್ಕ. ಮಾತು ತಮಾಷೆಯದು, ಮುಖ ತಮಾಷೆಯದಾಗಿರಲಿಲ್ಲ.

ಅವರ ತಂದೆ ಹೋಗಿದ್ದು ಆಪರೇಷನ್ ಮೇಜಿನ ಮೇಲೆ. ಆಗ ತಾಯಿ ಇರಲಿಲ್ಲ. ಅಕ್ಕನಿಗೆ ಹತ್ತೊಂಬತ್ತು, ತಮ್ಮನಿಗೆ ಎಂಟು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ದೊಡ್ಡವರು ಯಾರೂ ಇಲ್ಲದೆ ಅಕ್ಕನೇ ಹಾಕಿದ್ದಳು. ಬೆಳಿಗ್ಗೆ ಸಹಿ ಹಾಕಿದಳು, ಮಧ್ಯಾಹ್ನ ಹೆಣ ಕೊಟ್ಟರು. ಆ ಮೇಲೆ ಅವಳು ಎಲಾಸ್ಟಿಕ್ ಮಿಲ್ಲಿಗೆ ಸೇರಿ, ಮೂವತ್ತು ವರ್ಷ ಒಳ ಉಡುಪಿನ ಪಟ್ಟಿ ನೇಯ್ದು, ತಮ್ಮನನ್ನು ಓದಿಸಿ, ಮದುವೆ ಮಾಡಿಸಿ, ತಾನು ಹಾಗೇ ಉಳಿದಳು. ಆಸ್ಪತ್ರೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಅವಳ ವೈದ್ಯವೆಲ್ಲ ರಸ್ತೆ ಬದಿಯಲ್ಲಿ ಕೊಂಡ ಒಂದು ಪ್ರಕೃತಿ ಚಿಕಿತ್ಸೆಯ ಪುಸ್ತಕದ್ದು. ಪುಸ್ತಕಕ್ಕೆ ರಟ್ಟಿರಲಿಲ್ಲ; ಹದಿನೇಳನೇ ಪುಟದಿಂದ ಶುರುವಾಗುತ್ತಿತ್ತು. ಮೊದಲ ಹದಿನಾರು ಪುಟದಲ್ಲಿ ಏನು ಎಚ್ಚರಿಕೆ ಕೊಟ್ಟಿದ್ದರೋ ಯಾರಿಗೂ ಗೊತ್ತಿಲ್ಲ. ಹದಿನೇಳರಿಂದ ಮುಂದೆ ಹೇಳಿದ್ದನ್ನು ಅಕ್ಕ ಒಂದಕ್ಷರ ಬಿಡದೆ ಮಾಡಿಸಿದಳು. ಬೆಳಿಗ್ಗೆ ಬಿಸಿನೀರಿಗೆ ಶುಂಠಿ. ಹೊಟ್ಟೆ ಬಿರಿಯ ತಿನ್ನುವಂತಿಲ್ಲ. ಆರು ಸಲ ಅಂಗೈಯಷ್ಟಷ್ಟೇ. ಮಲ ಗಟ್ಟಿಯಾಗಬಾರದೆಂದು ನೆನೆಸಿದ ಅಗಸೆ ಬೀಜ. ಬೆಚ್ಚಗಿನ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ, ಅದರ ಮೇಲೆ ಎಲೆಕೋಸಿನ ಎಲೆ. ದಿನಕ್ಕೆರಡು ಹೊತ್ತು ಗೋಡೆಗೆ ಕಾಲು ಎತ್ತಿ ಇಪ್ಪತ್ತು ನಿಮಿಷ ಮಲಗುವುದು. ಸೀನು ಬಂದರೆ ಮೂಗು ಒತ್ತಿ ತಡೆಯಬೇಕು, ನಗು ಬಂದರೆ ಹೊಟ್ಟೆ ಹಿಡಿದುಕೊಳ್ಳಬೇಕು. ಅವನಿಗೆ ನಗು ಬರುತ್ತಿತ್ತು.

ಪಟ್ಟಿ ಮಾತ್ರ ಪುಸ್ತಕದ್ದಲ್ಲ. ನಾಲ್ಕು ಬೆರಳು ಅಗಲದ ಎಲಾಸ್ಟಿಕ್ ಅಕ್ಕನದು, ಅದರೊಳಗಿನ ಒತ್ತು ತಮ್ಮನದು. ಪರೀಕ್ಷೆಯಲ್ಲಿ ಸವೆದು ಸೋತ ಹಳೆಯ ತೂಕಗಳು ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇದ್ದವು. ಇನ್ನೂರು ಗ್ರಾಮಿನ ಒಂದು ಚಪ್ಪಟೆ ಬಿಲ್ಲೆಯನ್ನು ಉಣ್ಣೆ ಬಟ್ಟೆಯಲ್ಲಿ ಸುತ್ತಿ ಅವಳು ಪಟ್ಟಿಯೊಳಗೆ ಹೊಲಿದಳು. ಗಂಟು ಒಳಗೆ ಹೋದ ಮೇಲೆ ಬಿಲ್ಲೆ ಅದರ ಬಾಗಿಲಿಗೆ ಕೂರುತ್ತಿತ್ತು. ತೂಕ ಹಾಕಿ ತೂಕದ ಕಾಯಿಲೆ ಗೆಲ್ಲುವುದು ಅಕ್ಕ ತಮ್ಮ ಇಬ್ಬರಿಗೂ ಬಹಳ ನ್ಯಾಯವಾಗಿ ಕಂಡಿತು. ಮೂರು ತಿಂಗಳಲ್ಲಿ ಅವನ ಬೊಜ್ಜು ಇಳಿಯಿತು, ಮಲಬದ್ಧತೆ ಹೋಯಿತು, ಮುಖ ಕಳೆಗಟ್ಟಿತು. ನಿಂಬೆಹಣ್ಣು ಮಾತ್ರ ಕಿತ್ತಳೆಹಣ್ಣಾಯಿತು.

*

ಹತ್ತು ಗಂಟೆಗೆ ಅಂಗಳದಲ್ಲಿ ಮೂವತ್ತು ಜನ ಸೇರಿದ್ದರು. ಶವದ ವ್ಯಾನು ಗೇಟಿನ ಹೊರಗೆ ಬಂದು ನಿಂತಿತ್ತು. ಚಾಲಕ ಚಕ್ರಕ್ಕೆ ಒರಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಎತ್ತುವುದು ಹನ್ನೊಂದಕ್ಕೆ ಎಂದು ಹೇಳಿಯಾಗಿತ್ತು.

"ನಿನ್ನೆ ಮಧ್ಯಾಹ್ನ ಅಂಗಡಿಲಿ ಕೂತಲ್ಲೇ ಎದೆ ಹಿಡ್ಕೊಂಡರಂತೆ," ಅಂದ ಬೀಗ ರಿಪೇರಿಯವನು. ಅವನ ಅಂಗಡಿ ತೂಕದಣ್ಣನ ಅಂಗಡಿಗೆ ಅಂಟಿಕೊಂಡೇ ಇತ್ತು. "ನಾನು ಓಡಿ ಹೋಗೋ ಹೊತ್ತಿಗೆ ಮುಗಿದಿತ್ತು. ಕೈಯಲ್ಲಿ ಐದು ಗ್ರಾಮಿನ ಬಿಲ್ಲೆ ಹಾಗೇ ಹಿಡ್ಕೊಂಡಿದ್ರು."

"ನಮ್ಮ ಶಾಲೆಲಿ ಮಕ್ಕಳನ್ನ ತೂಗೋ ಯಂತ್ರ ನೋಡೋಕೆ ಬಂದು ಒಂದು ದಿನ ನನ್ನೇ ತೂಗಿಬಿಟ್ಟ," ಅಂದರು ನಿವೃತ್ತ ಹೆಡ್‌ಮೇಷ್ಟ್ರು. "ನಾನು ಅರವತ್ತೆಂಟು ಅಂದೆ. ಎಪ್ಪತ್ತೊಂದು ಸಾರ್, ಮೇಷ್ಟ್ರಾಗಿ ಸುಳ್ಳು ಹೇಳಬಾರದು ಅಂದ."

"ಅವರ ಬಾಯಲ್ಲಿ ಸುಳ್ಳು ಬಂದಿದ್ದು ನಾನಂತೂ ಕಾಣೆ," ಅಂದ ತರಕಾರಿಯವನು.

ಬೀಗದವನು ಹೆಡ್‌ಮೇಷ್ಟ್ರ ಮುಖ ನೋಡಿದ. ಹೆಡ್‌ಮೇಷ್ಟ್ರು ಚಪ್ಪಲಿ ನೋಡಿಕೊಂಡರು.

ಹೆಣ ಎತ್ತುವವರಲ್ಲಿ ಮುಂದಿನ ಬಲಗಡೆಗೆ ಬೇಕರಿಯವನೆಂದು ಗೊತ್ತುಮಾಡಿಯಾಗಿತ್ತು. ದಿನಕ್ಕೆ ಹತ್ತು ಮೂಟೆ ಹಿಟ್ಟು ಹೊರುವ ಆಳು. ಆದರೆ ಅವನು ಕಾಣಲಿಲ್ಲ. ಅಂಚೆಯಮ್ಮ ಒಂದು ಹೊದಿಕೆ ತರಲು ಅಕ್ಕನ ಕೋಣೆಗೆ ಹೋದಾಗ ಅಲ್ಲಿ ಸಿಕ್ಕಿದ. ಚಾಪೆಯ ಮೇಲೆ ಮಲಗಿ ಎರಡೂ ಕಾಲು ಗೋಡೆಗೆ ಎತ್ತಿದ್ದ. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲಿ ಅಕ್ಕ ಹರಳೆಣ್ಣೆಯ ಬಟ್ಟಲು ಹಿಡಿದು ಕೂತಿದ್ದಳು. ತಮ್ಮ ಸತ್ತ ದಿನವೂ ರೋಗಿಯನ್ನು ಹಿಂದಕ್ಕೆ ಕಳಿಸಿರಲಿಲ್ಲ.

"ಏನಾಯ್ತು?"

"ಬೆಳಿಗ್ಗೆ ಇಲ್ಲಿಗೆ ಬೇಗ ಬರಬೇಕು ಅಂತ ಮೂಟೆ ಎಲ್ಲ ಒಂದರ ಹಿಂದೊಂದು ಎತ್ತಿದೆ ಅಮ್ಮ," ಅಂದ ಬೇಕರಿಯವ. "ಒಳಗೆ ಹೋಗ್ತಾ ಇಲ್ಲ. ಪಟ್ಟಿ ಮುಟ್ಟಿದ್ರೆ ಪ್ರಾಣ ಹೋಗುತ್ತೆ."

"ಮೂರು ವಾರದ ಪಟ್ಟಿ, ಇನ್ನೂ ಮೈಗೆ ಹೊಂದಿಲ್ಲ," ಅಂದಳು ಅಕ್ಕ. "ಎಣ್ಣೆ ಬಿಸಿ ತಾಗಲಿ, ಸಡಿಲ ಆಗುತ್ತೆ."

ಬೇಕರಿಯವ ಪಕ್ಕಕ್ಕೆ ಹೊರಳಿ ಬಕೆಟ್ಟಿಗೆ ವಾಂತಿ ಮಾಡಿದ. ಬಕೆಟ್ಟಿನಲ್ಲಿ ಮೊದಲಿನದೂ ಇತ್ತು.

ಬಟ್ಟೆಯ ಮೇಲೂ ಎದ್ದು ಕಾಣುತ್ತಿದ್ದ ಗಂಟನ್ನು ಅಂಚೆಯಮ್ಮ ನೋಡಿದಳು. "ಅತ್ತಿಗೆ, ಆಸ್ಪತ್ರೆಗೆ ಕಳಿಸೋಣ."

"ಯಾಕೆ?"

"ವಾಂತಿ ಆಗ್ತಿದೆ. ಗಂಟು ಕಲ್ಲಾಗಿದೆ."

"ಹೊಟ್ಟೆಯಲ್ಲಿ ವಾಯು ತುಂಬಿದೆ. ಆಸ್ಪತ್ರೆ ಅಂದ್ರೆ ಚಾಕು ಅಂತ ಅರ್ಥ. ಇವತ್ತು ಈ ಮನೆಯಿಂದ ಒಂದು ಹೆಣ ಹೋದ್ರೆ ಸಾಲದಾ?"

"ಬೇಡ ಅಮ್ಮ," ಅಂದ ಬೇಕರಿಯವನೂ. "ಕೊಯ್ಯಿಸ್ಕೊಂಡ್ರೆ ಆರು ತಿಂಗಳು ಮೂಟೆ ಮುಟ್ಟಬೇಡ ಅಂತಾರೆ. ತೂಕದಣ್ಣಂಗೆ ಅಕ್ಕನ ಕೈಯಲ್ಲೇ ವಾಸಿ ಆಗಲಿಲ್ವಾ? ಭಾನುವಾರ ನನ್ನ ಜೊತೆ ಒಂದು ಕಡೆ ಬಾ ಅಂದಿದ್ರು. ಎಲ್ಲಿಗೆ ಅಂತ ಕೇಳಿದ್ದಕ್ಕೆ, ಬಾ ಹೇಳ್ತೀನಿ ಅಂದ್ರು. ಅಷ್ಟರಲ್ಲಿ ಹೀಗಾಯ್ತು."

ಅವನು ಕಣ್ಣು ಮುಚ್ಚಿಕೊಂಡ. ಅಕ್ಕ ಬಟ್ಟೆ ಎಣ್ಣೆಗೆ ಅದ್ದಿದಳು. ಅಂಚೆಯಮ್ಮ ಹೊದಿಕೆ ಎದೆಗವಚಿಕೊಂಡು ಬಾಗಿಲಲ್ಲೇ ನಿಂತಳು. ಈ ಮನುಷ್ಯ ಬದುಕಬೇಕಾದರೆ ಅವನಿಗೆ ನಿಜ ಹೇಳಬೇಕು. ಹೇಳಿದರೆ ಅಂಗಳದಲ್ಲಿ ಮಲಗಿಸಬೇಕಾದ ಗಂಡ ಸುಳ್ಳುಗಾರ, ಎಪ್ಪತ್ಮೂರರ ಅಕ್ಕ ನಗೆಪಾಟಲು. ಗಂಡ ಇದ್ದಿದ್ದರೆ ಕೇಳಬಹುದಿತ್ತು.

*

ಹದಿನೈದು ವರ್ಷದ ಹಿಂದೆ, ಪಟ್ಟಿ ಕಟ್ಟಿ ಮೂರು ತಿಂಗಳಾದ ಮೇಲೆ, ಲಾರಿ ತೂಗುವ ದೊಡ್ಡ ಕಾಟಾ ಕೆಟ್ಟಿದೆ, ಬೇರೆ ಊರಿನಲ್ಲಿ ಹತ್ತು ದಿನದ ಕೆಲಸ ಅಂತ ತೂಕದಣ್ಣ ಅಕ್ಕನಿಗೆ ಹೇಳಿದ್ದ. ಅಂಚೆಯಮ್ಮ ತವರಿಗೆ ಹೋಗುತ್ತೇನೆ ಅಂದಿದ್ದಳು. ಇಬ್ಬರೂ ಬೇರೆ ಬೇರೆ ಬಸ್ಸು ಹತ್ತಿ ಒಂದೇ ಆಸ್ಪತ್ರೆಯಲ್ಲಿ ಇಳಿದರು.

ಡಾಕ್ಟರು ಗಟ್ಟಿ ದನಿಯ ಹೆಂಗಸು. "ಪಟ್ಟಿ ಗಂಟನ್ನು ಮುಚ್ಚುತ್ತೆ, ತೂತನ್ನ ಮುಚ್ಚಲ್ಲ," ಅಂದರು. "ಅಗಸೆ, ಶುಂಠಿ, ಕಮ್ಮಿ ಊಟ, ಅದೆಲ್ಲ ಒಳ್ಳೇದೇ. ಬಿಡಬೇಡಿ. ತೂತು ಹೊಲಿಯೋದು ಮಾತ್ರ ನನ್ನ ಕೆಲಸ. ಒಂದು ಮಾತು ನೆನಪಿಟ್ಕೊಳ್ಳಿ. ಗಂಟು ಒಳಗೆ ಹೋಗದೆ ಕಲ್ಲಿನ ಹಾಗಾದ್ರೆ, ನೋವು ಬಂದು ವಾಂತಿ ಆದ್ರೆ, ಕರುಳು ಸಿಕ್ಕಿಕೊಂಡಿದೆ ಅಂತ. ಆಮೇಲೆ ದಿನ ಎಣಿಸೋ ಹಾಗಿಲ್ಲ, ಗಂಟೆ ಎಣಿಸಬೇಕು."

ವಾಪಸು ಬಂದ ದಿನ ಅವನು ಎಳೆಯ ಗಾಯದ ಮೇಲೆ ಹತ್ತಿ ಇಟ್ಟು, ಅದರ ಮೇಲೆ ಪಟ್ಟಿ ಕಟ್ಟಿಕೊಂಡೇ ಮನೆಗೆ ಬಂದ. ಅಕ್ಕ ಅಂಗಿಯ ಮೇಲಿನಿಂದ ಅಂಗೈ ಇಟ್ಟು, "ಕೆಮ್ಮು," ಅಂದಳು. ಅವನು ನೋವು ನುಂಗಿ ಕೆಮ್ಮಿದ. ಅಂಗೈಗೆ ಏನೂ ತಾಗಲಿಲ್ಲ. ಅಕ್ಕ ಮತ್ತೊಮ್ಮೆ ಕೆಮ್ಮಿಸಿದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ತಂದೆಯ ಹೆಣದ ಮುಂದೆ ಕೂಡ ಅಳದವಳು ಅತ್ತಿದ್ದನ್ನು ತಮ್ಮ ಮೊದಲ ಸಲ ನೋಡಿದ. ಅವತ್ತು ನಿಜ ಹೇಳಬೇಕೆಂದಿದ್ದವನು ಹೇಳದೆ ಬಿಟ್ಟ.

ಮಾರನೇ ವಾರ ಬೀದಿಯ ಮೊದಲ ರೋಗಿ ಬಂದ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವನು ಒಂದೇ ಸುಳ್ಳು ಹೇಳಿ ಹದಿನೈದು ವರ್ಷ ಅಕ್ಕನಿಗೆ ಸವೆದ ಬಿಲ್ಲೆ ಒದಗಿಸಿದ. ಐವತ್ತು, ನೂರು, ಇನ್ನೂರು. ಅಕ್ಕ ರೋಗಿಗಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ತೂಕದಿಂದ ಕರೆಯುತ್ತಿದ್ದಳು. "ಇವತ್ತು ನೂರು ಗ್ರಾಮಿನವನು ಸಿಕ್ಕಿದ್ದ, ಚೆನ್ನಾಗಿದಾನೆ" ಅನ್ನುವಾಗ ಅವಳ ಮುಖದಲ್ಲಿ ಮಿಲ್ಲಿನ ಮೂವತ್ತು ವರ್ಷ ಕಾಣದ ಬೆಳಕು ಇರುತ್ತಿತ್ತು. ಅತ್ತಿಗೆ ನಾದಿನಿಯರ ನಡುವೆ ಜಗಳ ಇಲ್ಲದ ಮನೆ ಯಾವುದಿದೆ? ನಾಲ್ಕೈದು ಸಲ ಆ ಗೆರೆಯ ಸುದ್ದಿ ಅಂಚೆಯಮ್ಮನ ನಾಲಿಗೆಯ ತುದಿಗೆ ಬಂದದ್ದುಂಟು. ಪ್ರತಿ ಸಲವೂ ಗಂಡನ ಮುಖ ನೋಡಿ ನುಂಗಿಕೊಂಡಿದ್ದಳು.

*

"ಎದ್ದೇಳಿ," ಅಂದಳು ಅಂಚೆಯಮ್ಮ ಬೇಕರಿಯವನಿಗೆ. "ಒಂದು ತೋರಿಸ್ತೀನಿ. ನೋಡಿ ಆಮೇಲೆ ನಿಮ್ಮಿಷ್ಟ."

"ಏಳೋಕಾಗಲ್ಲ ಅವನಿಗೆ," ಅಂದಳು ಅಕ್ಕ.

"ನೀವೂ ಬನ್ನಿ ಅತ್ತಿಗೆ."

ಬೇಕರಿಯವನ ಒಂದು ತೋಳು ಅವಳ ಹೆಗಲ ಮೇಲೆ, ಇನ್ನೊಂದು ಅಕ್ಕನ ಹೆಗಲ ಮೇಲೆ. ಹೀಗೆ ಮೂವರೂ ತೂಕದಣ್ಣನ ಕೋಣೆಗೆ ಬಂದರು. ಅಂಚೆಯಮ್ಮ ಬಾಗಿಲು ಮುಂದಕ್ಕೆ ಹಾಕಿದಳು. ಬೆಳಿಗ್ಗೆ ಅಷ್ಟು ಬಿಗಿಯಾಗಿ ಕಟ್ಟಿದ್ದ ಬೆಲ್ಟು ಈಗ ಬಿಚ್ಚಲು ಬರಲಿಲ್ಲ. ಎರಡು ಕೈ ಹಾಕಿ ಎಳೆಯಬೇಕಾಯಿತು. ಅಂಗಿ ಹೊರಕ್ಕೆ ಎಳೆದಳು, ಪ್ಯಾಂಟಿನ ಗುಂಡಿ ತೆಗೆದಳು. ಹೆಂಡತಿ ಗಂಡನ ಬಟ್ಟೆ ಸರಿಸುತ್ತಿದ್ದಾಳೆ, ಪರಪುರುಷ ನೋಡುತ್ತಿದ್ದಾನೆ ಎಂಬ ನಾಚಿಕೆ ಅವಳಿಗೆ ಆಗಲಿಲ್ಲ. ಭಯ ಮಾತ್ರ ಆಯಿತು. ಅಕ್ಕನ ಕಡೆ ನೋಡದೆ ಹೇಳಿದಳು.

"ಇದು ಆಪರೇಷನ್ ಮಾಡಿದ ಗುರುತು. ಹದಿನೈದು ವರ್ಷ ಆಯ್ತು. ಇವರಿಗೆ ಪಟ್ಟಿಯಿಂದ ವಾಸಿ ಆಗಲಿಲ್ಲ. ನಿಮಗೂ ಆಗಲ್ಲ. ಈಗ ಹೊರಟ್ರೆ ಬದುಕ್ತೀರಿ."

ಬೇಕರಿಯವ ಮಂಚದ ಅಂಚು ಹಿಡಿದು ಬಗ್ಗಿ ನೋಡಿದ. ನೋಡಿ, ತೂಕದಣ್ಣನ ಮುಖ ನೋಡಿದ. "ಅಯ್ಯೋ ಪುಣ್ಯಾತ್ಮ," ಅಂದ ಮೆಲ್ಲಗೆ. ಆಮೇಲೆ ಅಕ್ಕನ ಕಡೆ ತಿರುಗಿದ. ಅಂಥ ನೋವಿನಲ್ಲೂ ಅವನಿಗೆ ಅಪ್ಪಣೆ ಬೇಕಾಗಿತ್ತು.

ಅಕ್ಕ ಗೆರೆಯನ್ನೇ ನೋಡುತ್ತಿದ್ದಳು. "ಹೋಗು," ಅಂದಳು.

ಬೀದಿಯಲ್ಲಿದ್ದ ವಾಹನ ಒಂದೇ. ಚಾಲಕ ಮೊದಲು ಒಪ್ಪಲಿಲ್ಲ. "ನನ್ನ ವ್ಯಾನು ಜೀವ ಇರೋರಿಗಲ್ಲ ಅಮ್ಮ. ಹೂವು ಬೇರೆ ಕಟ್ಟಿಬಿಟ್ಟಿದೀನಿ."

"ಜೀವ ಇಲ್ಲದವರಿಗೆ ಅವಸರ ಇಲ್ಲಪ್ಪ," ಅಂದರು ಹೆಡ್‌ಮೇಷ್ಟ್ರು. "ಹತ್ತಿಸ್ಕೊ."

ಏನು, ಎತ್ತ ಎಂದು ಅಂಗಳದವರು ಒಬ್ಬರನ್ನೊಬ್ಬರು ಕೇಳುವಷ್ಟರಲ್ಲಿ ನಾಲ್ವರು ಬೇಕರಿಯವನನ್ನು ಎತ್ತಿ ಒಳಗೆ ಮಲಗಿಸಿದರು. ವ್ಯಾನು ಹೊರಟಿತು. ತಿರುವಿನಲ್ಲಿ ಕೂತಿದ್ದ ಮುದುಕರು ಪದ್ಧತಿಯಂತೆ ಎದ್ದು ನಿಂತರು. ಒಳಗಿನ ಹೆಣ ಮೊಣಕೈ ಊರಿ ಬಕೆಟ್ಟಿಗೆ ಬಗ್ಗಿದ್ದನ್ನು ಕಂಡು ಅವರು ಮತ್ತೆ ಕೂರಲು ಸ್ವಲ್ಪ ಹೊತ್ತು ಬೇಕಾಯಿತು.

*

ಅಂಚೆಯಮ್ಮ ಕೋಣೆಗೆ ಮರಳಿದಾಗ ಅಕ್ಕ ಕನ್ನಡಕ ಹಾಕಿಕೊಂಡಿದ್ದಳು. ಗೆರೆಯ ಮೇಲೆ ಬೆರಳಿಟ್ಟು ಚುಕ್ಕೆ ಎಣಿಸುತ್ತಿದ್ದಳು.

"ಒಂಬತ್ತು ಹೊಲಿಗೆ," ಅಂದಳು. "ಸಮ ಇವೆ. ಯಾವಾಗ?"

"ಲಾರಿ ಕಾಟಾ ರಿಪೇರಿ ಅಂತ ಹೋದಾಗ."

"ನೀನು ತವರಿಗೆ ಹೋಗಿದ್ದೆ."

"ಹೋಗಿರಲಿಲ್ಲ ಅತ್ತಿಗೆ."

ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಬೈದರೆ ಬೈಸಿಕೊಳ್ಳಲು ಅಂಚೆಯಮ್ಮ ಸಿದ್ಧಳಾಗಿ ನಿಂತಿದ್ದಳು.

"ಸಹಿ ಯಾರು ಹಾಕಿದ್ದು?"

"ನಾನು."

"ಕೈ ನಡುಗ್ತಾ?"

"ನಡುಗ್ತು. ಎರಡು ಸಲ ಬರೆದೆ."

ಅಕ್ಕ ತಲೆಯಾಡಿಸಿದಳು. ತಾನೇ ತಮ್ಮನ ಪ್ಯಾಂಟಿನ ಗುಂಡಿ ಹಾಕಿದಳು, ಅಂಗಿ ಒಳಗೆ ಸೇರಿಸಿದಳು. ಬೆಲ್ಟನ್ನು ಎರಡು ತೂತು ಸಡಿಲ ಬಿಟ್ಟು ಕಟ್ಟಿದಳು. "ನಿಮ್ಮನ್ನ ನೋಯಿಸಬಾರದು ಅಂತ ಅವರು..." ಅಂದಳು ಅಂಚೆಯಮ್ಮ. ಅಕ್ಕ ಸುಮ್ಮನಿರು ಎನ್ನುವಂತೆ ಕೈ ಎತ್ತಿದಳು. ಆಮೇಲೆ ಮಂಚ ಹಿಡಿದು ಎದ್ದು, ಯಾರ ಆಸರೆಯೂ ಇಲ್ಲದೆ ಅಂಗಳಕ್ಕೆ ಹೋಗಿ ಜಗಲಿಯ ಮೇಲೆ ನಿಂತಳು. ಅಂಚೆಯಮ್ಮ ಹೊಸ್ತಿಲಲ್ಲಿ ಉಳಿದಳು.

"ನನ್ನ ಪಟ್ಟಿ ಕಟ್ಟಿಕೊಂಡಿರೋರು ಯಾರ್ಯಾರಿದೀರಿ? ಮುಂದೆ ಬನ್ನಿ," ಅಂದಳು ಅಕ್ಕ.

ಯಾರೂ ಮಿಸುಕಲಿಲ್ಲ. ಹೆಂಗಸರೂ ಇದ್ದ ಅಂಗಳ. ಇದು ಹೆಂಡತಿಗೂ ಹೇಳದೆ ಮುಚ್ಚಿಡುವ ಕಾಯಿಲೆ.

"ಯಾರು ಅಂತ ನನಗೆ ಗೊತ್ತು. ನಾನೇ ತೂಕ ಹೇಳಿ ಕರಿಯೋ ಹಾಗೆ ಮಾಡಬೇಡಿ. ಒಬ್ಬೊಬ್ಬರೇ ಒಳಗೆ ಹೋಗಿ ನನ್ನ ತಮ್ಮನ್ನ ನೋಡಿ ಬನ್ನಿ. ಅವನಿಗೆ ನನ್ನ ಕೈಯಿಂದ ವಾಸಿ ಆಗಿದ್ದಲ್ಲ. ಕೊಯ್ದು ಹೊಲಿದಿದಾರೆ. ನೋಡಿಕೊಂಡು, ಮಣ್ಣು ಮಾಡಿ, ಅಲ್ಲಿಂದ ಸೀದಾ ಡಾಕ್ಟರ ಹತ್ತಿರ ಹೋಗಿ. ನಾನು ಹದಿನೈದು ವರ್ಷ ತಪ್ಪು ಹೇಳಿದೆ."

ಅಕ್ಕ ಜಗಲಿಯ ಕಂಬ ಹಿಡಿದುಕೊಂಡಳು. ಅಂಚೆಯಮ್ಮನಿಗೆ ಅವಳ ಪಕ್ಕ ಹೋಗಿ ನಿಲ್ಲಬೇಕೆನ್ನಿಸಿತು, ಹೋಗಿ ನಿಂತಳು.

ಮೊದಲು ಬಂದವನು ಬೀಗದವನು. ಜಗಲಿಯ ಕೆಳಗೆ ನಿಂತು ಅವನು ಮಾತಾಡಿದ್ದು ಕಂಬದ ಜೊತೆಗೆ.

"ಅಕ್ಕ, ನಂದು ಆಗಿದೆ."

"ಏನಾಗಿದೆ?"

ಅವನು ಹೆಂಗಸರಿಗೆ ಬೆನ್ನು ಹಾಕಿ, ಅಂಗಿ ಎತ್ತಿ, ಪಟ್ಟಿಯನ್ನು ಒಂದು ಬೆರಳು ಕೆಳಗೆ ಸರಿಸಿದ. ಅದೇ ಓರೆ ಗೆರೆ.

"ಏಳು ವರ್ಷ ಆಯ್ತು. ತೂಕದಣ್ಣನೇ ಕರ್ಕೊಂಡು ಹೋಗಿದ್ದು. ಹತ್ತು ದಿನ ಜೊತೇಲೇ ಇದ್ರು."

"ಮತ್ತೆ ಪಟ್ಟಿ ಯಾಕೋ ಕಟ್ಟಿದೀಯ?"

"ಬಿಚ್ಚಬೇಡ ಅಂದಿದ್ರು. ನೀವು ಆಗಾಗ ಮುಟ್ಟಿ ನೋಡ್ತೀರಲ್ಲ."

ತರಕಾರಿಯವನು ಬಂದ. ಅವನದು ಎಡಗಡೆ, ನಾಲ್ಕು ವರ್ಷ. ಬಸ್ಸಿನ ಕಂಡಕ್ಟರ್ ಬಂದ. ಶವಕ್ಕೆ ಹೂವು ತಂದಿದ್ದ ಮಾಲಿ ಬಂದ. ದರ್ಜಿಯೊಬ್ಬ ಮಾತ್ರ, "ನನಗೂ ಹೇಳಿದ್ರು ಅಕ್ಕ. ಹೆದರಿಕೆಗೆ ಹೋಗಲಿಲ್ಲ," ಅಂದು ಅಲ್ಲೇ ಕೂತುಬಿಟ್ಟ. ಅವನಿಗೆ ನಾಳೆಯೇ ಹೋಗೆಂದು ಬೀಗದವನು ಕಿವಿಯಲ್ಲಿ ಹೇಳತೊಡಗಿದ. ಅಂಚೆಯಮ್ಮ ಗಂಡ ಹೋಗಿಬಂದ ಕಾಟಾಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಲಾರಿ ತೂಗುವ ಕಾಟಾಗಳು ವರ್ಷಕ್ಕೊಂದು ಸಲ ತಪ್ಪದೆ ಕೆಡುವುದು ಹೇಗೆ ಎಂದು ಅವಳಿಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ. ಸಿಟ್ಟೂ ಬಂತು, ನಗುವೂ ಬಂತು. ಬೆಳಗಿನಿಂದ ಬಾರದ ಅಳು ಕೂಡ ಆಗಲೇ ಬಂತು.

ವ್ಯಾನು ವಾಪಸು ಬಂದು ಗೇಟಿನಲ್ಲಿ ನಿಂತಿತು. "ಒಳಗೆ ಕರ್ಕೊಂಡ್ರು," ಅಂದ ಚಾಲಕ. "ಮಧ್ಯಾಹ್ನದ ತನಕ ಬಿಟ್ಟಿದ್ರೆ ನನ್ನ ವ್ಯಾನಲ್ಲೇ ವಾಪಸ್ ಬರ್ತಿದ್ದ ಅಂದ್ರು ಡಾಕ್ಟ್ರು. ಹೊರಡೋಣವಾ?"

ಸಾಲಿನಲ್ಲಿ ಇನ್ನೂ ಒಬ್ಬರಿದ್ದರು. ಹೆಡ್‌ಮೇಷ್ಟ್ರು ಇಸ್ತ್ರಿ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಆಕಾಶ ನೋಡುತ್ತ, ಪಾಠ ಒಪ್ಪಿಸುವ ಹುಡುಗನ ಹಾಗೆ ಅಕ್ಕನ ಮುಂದೆ ನಿಂತರು. ಅಕ್ಕ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದಳು. ಗೆರೆಯನ್ನು ನೋಡಿದಳು. ಗೆರೆಯ ಮೇಲಿನ ಪಟ್ಟಿಯನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಹನ್ನೊಂದು ವರ್ಷ ದಿನವೂ ಒಗೆದು ಕಟ್ಟಿದ್ದು. ಅಂಚಿನ ದಾರ ಬಿಟ್ಟಿತ್ತು, ಬಣ್ಣ ಹೋಗಿತ್ತು. ಮಿಲ್ಲಿನಲ್ಲಿ ದಿನಕ್ಕೆ ಸಾವಿರ ಸಲ ಮಾಡುತ್ತಿದ್ದಂತೆ ಹೆಬ್ಬೆರಳು ತೂರಿಸಿ ಪಟ್ಟಿಯನ್ನು ಎಳೆದು, ಬಿಟ್ಟಳು. ಅದು ಹಿಂದಕ್ಕೆ ಹೋಗದೆ ಹಾಗೇ ಜೋತುಬಿತ್ತು.

"ಸತ್ವ ಹೋಗಿದೆ ಮೇಷ್ಟ್ರೇ," ಅಂದಳು ಅಕ್ಕ. "ನಾಳಿದ್ದು ಬನ್ನಿ. ಹೊಸದು ಹಾಕಿಕೊಡ್ತೀನಿ."

"ಆಗಲಿ ಅಕ್ಕ," ಅಂದರು ಹೆಡ್‌ಮೇಷ್ಟ್ರು. ಅಂಗಿ ಇನ್ನೂ ಇಳಿಸಿರಲಿಲ್ಲ.